ಪರ್ವತಗಳ ಒಡನಾಡಿ ಜಾನ್ ಮ್ಯೂರ್

ಇಂದು ಬೆಟ್ಟ ಹತ್ತಲು ಹೊರಡುವ ಯುವಕರ ಬೆನ್ನಿನ ಚೀಲದಲ್ಲಿ ಏನಿಲ್ಲ ಹೇಳಿ? ಗುಡಾರ, ಮಲಗುವ ಚೀಲ, ಮಳೆಯಂಗಿ, ಟಾರ್ಚ್, ಮೊಬೈಲ್, ಬಿಸ್ಕತ್ತು ಎಲ್ಲವೂ ಇರುತ್ತವೆ. ನೂರೈವತ್ತು ವರ್ಷಗಳ ಹಿಂದೆ ಅಮೆರಿಕದ ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡ ಪರ್ವತಗಳಲ್ಲಿ ಒಬ್ಬರು ತಿಂಗಳುಗಟ್ಟಲೆ ಒಬ್ಬಂಟಿಯಾಗಿ ಅಲೆದರು. ಅವರ ಬಳಿ ಇರುತ್ತಿದ್ದುದು ಒಣಗಿದ ರೊಟ್ಟಿ, ಒಂದಿಷ್ಟು ಚಹಾ ಪುಡಿ, ತಗಡಿನ ಲೋಟ ಮತ್ತು ಸೊಂಟಕ್ಕೆ ಕಟ್ಟಿಕೊಂಡ ಟಿಪ್ಪಣಿ ಪುಸ್ತಕ. ಎಷ್ಟೋ ಸಲ ಕಂಬಳಿ ಕೂಡ ಇರುತ್ತಿರಲಿಲ್ಲ. ಅವರೇ ಜಾನ್ ಮ್ಯೂರ್.

ಮ್ಯೂರ್ ಹುಟ್ಟಿದ್ದು 1838ರ ಏಪ್ರಿಲ್ 21ರಂದು, ಸ್ಕಾಟ್ಲೆಂಡಿನ ಡನ್‌ಬಾರ್ ಎಂಬ ಸಮುದ್ರ ತೀರದ ಊರಿನಲ್ಲಿ. 1849ರಲ್ಲಿ ಕುಟುಂಬ ಅಮೆರಿಕದ ವಿಸ್ಕಾನ್ಸಿನ್‌ಗೆ ವಲಸೆ ಹೋಯಿತು. ತಂದೆ ಡೇನಿಯಲ್ ಮ್ಯೂರ್ ಕಟ್ಟುನಿಟ್ಟಿನ ಪ್ರೊಟೆಸ್ಟೆಂಟ್ ಬೋಧಕರು. ಮಗ ಹೊಸ ಒಡಂಬಡಿಕೆಯನ್ನು ಪೂರ್ತಿಯಾಗಿ, ಹಳೆಯ ಒಡಂಬಡಿಕೆಯ ಬಹುಭಾಗವನ್ನು ಬಾಯಿಪಾಠ ಮಾಡಿದ್ದು ಬೆತ್ತದ ಭಯದಿಂದ. ಹೊಲದ ಕೆಲಸದಲ್ಲೂ ಕನಿಕರವಿರಲಿಲ್ಲ. ಬಾವಿ ತೋಡಲು ಮರಳುಗಲ್ಲನ್ನು ಉಳಿ ಸುತ್ತಿಗೆಯಿಂದ ಕಡಿಯುವ ಕೆಲಸ ಈ ಹುಡುಗನ ಪಾಲಿಗೆ ಬಂತು. ಸುಮಾರು 80 ಅಡಿ ಆಳದಲ್ಲಿ ಒಂದು ಬೆಳಿಗ್ಗೆ ಕೆಟ್ಟ ಗಾಳಿ ತುಂಬಿಕೊಂಡು ಉಸಿರು ಕಟ್ಟಿತು. ಸಾಯುವ ಸ್ಥಿತಿಯಲ್ಲಿದ್ದವನನ್ನು ಮೇಲಕ್ಕೆ ಎಳೆದರು. ಒಂದೆರಡು ದಿನಗಳಲ್ಲಿ ಮತ್ತೆ ಅದೇ ಬಾವಿಗೆ ಇಳಿಸಿದರು. ದೇವರ ವಾಕ್ಯವನ್ನು ಏಟಿನ ಜೊತೆ ಕಲಿಸಿದರೆ ಮಕ್ಕಳ ಮನಸ್ಸಿನಲ್ಲಿ ಯಾವುದು ಉಳಿಯುತ್ತದೆ ಎಂಬ ಪ್ರಶ್ನೆ ಧರ್ಮೋಪದೇಶ ಕಲಿಸುವ ನಮ್ಮೆಲ್ಲರಿಗೂ ಸೇರಿದ್ದು. ಮ್ಯೂರ್ ಅವರಲ್ಲಿ ಎರಡೂ ಉಳಿದವು. ಬೈಬಲ್ಲಿನ ಭಾಷೆ ಅವರ ಬರಹದಿಂದ ಕೊನೆಯವರೆಗೂ ಹೋಗಲಿಲ್ಲ.

ಮರದಿಂದ ಗಡಿಯಾರ, ಯಂತ್ರಗಳನ್ನು ಮಾಡುವ ಕೈಚಳಕ ಅವರಿಗಿತ್ತು. ಅದರ ಬಲದಿಂದಲೇ ಮ್ಯಾಡಿಸನ್‌ನ ವಿಶ್ವವಿದ್ಯಾಲಯ ಸೇರಿದರು, ಪದವಿ ಮುಗಿಸಲಿಲ್ಲ. 1867ರ ಮಾರ್ಚ್‌ನಲ್ಲಿ ಇಂಡಿಯಾನಾಪೊಲಿಸ್‌ನ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವಾಗ ಅರ ಜಾರಿ ಬಲಗಣ್ಣಿಗೆ ಚುಚ್ಚಿತು. ಎಡಗಣ್ಣೂ ಕಾಣದಾಯಿತು. ವಾರಗಟ್ಟಲೆ ಕತ್ತಲ ಕೋಣೆಯಲ್ಲಿ ಮಲಗಿದ್ದ ಆ ಯುವಕ, ದೃಷ್ಟಿ ಮರಳಿದರೆ ಯಂತ್ರಗಳನ್ನು ಬಿಟ್ಟು ದೇವರ ಸೃಷ್ಟಿಯನ್ನೇ ನೋಡುವುದೆಂದು ನಿಶ್ಚಯಿಸಿದರು. ದೃಷ್ಟಿ ಮರಳಿತು. ಅದೇ ಸೆಪ್ಟೆಂಬರ್‌ನಲ್ಲಿ ಕೆಂಟಕಿಯಿಂದ ಫ್ಲಾರಿಡಾ ಕರಾವಳಿಯವರೆಗೆ ಸುಮಾರು 1000 ಮೈಲು ಒಬ್ಬರೇ ನಡೆದರು. ಚೀಲದಲ್ಲಿ ಒಂದು ಚಿಕ್ಕ ಹೊಸ ಒಡಂಬಡಿಕೆಯೂ ಇತ್ತು. ಸವಾನಾ ಪಟ್ಟಣದಲ್ಲಿ ಕೈಯಲ್ಲಿ ಕಾಸಿಲ್ಲದೆ, ತಮ್ಮನಿಂದ ಹಣ ಬರುವವರೆಗೆ ಹಲವು ರಾತ್ರಿ ಸ್ಮಶಾನದಲ್ಲಿ ಮಲಗಿದರು. ಫ್ಲಾರಿಡಾದಲ್ಲಿ ಮಲೇರಿಯಾ ಜ್ವರ ಹಿಡಿಯಿತು. 1868ರ ಮಾರ್ಚ್‌ನಲ್ಲಿ ಹಡಗಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ತಲುಪಿ, ಅಲ್ಲಿಂದ ನಡೆದೇ ಯೊಸೆಮಿಟಿ ಕಣಿವೆಗೆ ಹೋದರು.

ಮರುವರ್ಷ, 1869ರ ಬೇಸಿಗೆಯಲ್ಲಿ, ಎರಡು ಸಾವಿರಕ್ಕೂ ಹೆಚ್ಚು ಕುರಿಗಳ ಮಂದೆಯೊಂದಿಗೆ ಮೇಲಿನ ಹುಲ್ಲುಗಾವಲುಗಳಿಗೆ ಹೋಗುವ ಕೆಲಸ ಸಿಕ್ಕಿತು. ಜುಲೈನಲ್ಲಿ ಬಿಡಾರದ ರೊಟ್ಟಿ ಮುಗಿದು, ಬರೀ ಕುರಿಮಾಂಸ ತಿಂದು ಹೊಟ್ಟೆ ಕೆಟ್ಟಿತು. ಕುರಿಗಳು ಹೋದ ದಾರಿಯಲ್ಲಿ ಹೂವೂ ಚಿಗುರೂ ಉಳಿಯದ್ದನ್ನು ಅವರು ಆಗಲೇ ಗಮನಿಸಿದರು. ಅದೇ ಸೆಪ್ಟೆಂಬರ್‌ನಲ್ಲಿ ಸುಮಾರು 10,900 ಅಡಿ ಎತ್ತರದ ಕತೀಡ್ರಲ್ ಶಿಖರವನ್ನು ಒಬ್ಬರೇ ಏರಿದರು. ಪ್ರಧಾನಾಲಯದ ಹೆಸರಿನ ಆ ಬಂಡೆಯ ತುದಿಗೆ ಅವರಿಗಿಂತ ಮೊದಲು ಯಾರಾದರೂ ಹತ್ತಿದ ದಾಖಲೆ ಇಲ್ಲ. ಕ್ಯಾಲಿಫೋರ್ನಿಯಾಕ್ಕೆ ಬಂದ ಮೇಲೆ ತಾನು ದೇವಾಲಯಕ್ಕೆ ಹೋದದ್ದು ಅದೇ ಮೊದಲು ಎಂಬರ್ಥದ ಮಾತನ್ನು ಅವರು ಬರೆದಿದ್ದಾರೆ. ಭಾನುವಾರದ ಪೂಜೆ ತಪ್ಪಿಸುವವರು ಇದನ್ನು ನೆಪವಾಗಿ ಹಿಡಿಯಬಾರದು, ಅಷ್ಟೆ!

ಮುಂದಿನ ವರ್ಷಗಳಲ್ಲಿ ಕಣಿವೆಯ ಗರಗಸದ ಕಾರ್ಖಾನೆಯಲ್ಲಿ ದುಡಿಯುವುದು, ಬಿಡುವಾದಾಗ ಮೇಲೆ ಹೋಗುವುದು ಅವರ ಬದುಕಾಯಿತು. ಆ ಕಣಿವೆ ಹೇಗೆ ಉಂಟಾಯಿತು ಎಂಬುದರ ಬಗ್ಗೆ ಆಗ ದೊಡ್ಡ ವಾದ ನಡೆಯುತ್ತಿತ್ತು. ನೆಲ ಕುಸಿದು ಆಗಿದೆ ಎಂದು ರಾಜ್ಯದ ಭೂವಿಜ್ಞಾನಿ ಜೋಸಾಯ ವಿಟ್ನಿ ಹೇಳಿದ್ದರು. ಹಿಮನದಿಗಳೇ ಕೊರೆದಿವೆ ಎಂದು ಮ್ಯೂರ್ ವಾದಿಸಿದಾಗ, ಕುರಿ ಕಾಯುವವನ ಮಾತೆಂದು ವಿಟ್ನಿ ತಳ್ಳಿಹಾಕಿದರು. ಮ್ಯೂರ್ ಮೇಲೆ ಹೋಗಿ ಜೀವಂತ ಹಿಮನದಿಯನ್ನೇ ಹುಡುಕಿದರು. 1872ರ ಆಗಸ್ಟ್‌ನಲ್ಲಿ ಮಕ್ಲೂರ್ ಹಿಮನದಿಯಲ್ಲಿ ಸಾಲಾಗಿ ಗೂಟ ನೆಟ್ಟು, 46 ದಿನಗಳ ಬಳಿಕ ಅಳೆದು ನೋಡಿದಾಗ ನಡುವಿನ ಗೂಟ 47 ಅಂಗುಲ ಸರಿದಿತ್ತು. ಎಲ್ಲ ವಿವರಗಳಲ್ಲೂ ಮ್ಯೂರ್ ಸರಿ ಇರಲಿಲ್ಲ, ಹಿಮದ ಹರವನ್ನು ಅವರು ಹೆಚ್ಚಾಗಿ ಊಹಿಸಿದ್ದರು. ಆದರೆ ಮುಖ್ಯ ವಿಷಯದಲ್ಲಿ ಗೆದ್ದದ್ದು ಕುರಿ ಕಾಯುವವನೇ.

ಅದೇ ಅಕ್ಟೋಬರ್‌ನಲ್ಲಿ ಕೆಲವು ಚಿತ್ರಕಾರರನ್ನು ಮೇಲಿನ ಬಯಲಿಗೆ ಕರೆದೊಯ್ದು ಅಲ್ಲಿ ಬಿಟ್ಟು, 13,000 ಅಡಿ ಮೀರಿದ ರಿಟ್ಟರ್ ಪರ್ವತಕ್ಕೆ ತಾವೊಬ್ಬರೇ ಹೊರಟರು. ರಾತ್ರಿಯನ್ನು ಕುಳ್ಳ ಪೈನ್ ಮರಗಳ ಪೊದೆಯಲ್ಲಿ ಕಂಬಳಿಯಿಲ್ಲದೆ ಕಳೆದರು. ಚಳಿ ತಾಳಲಾರದೆ ಮತ್ತೆ ಮತ್ತೆ ಎದ್ದು ಬೆಂಕಿಯ ಬಳಿ ತೆವಳಿ ಹೋಗಬೇಕಾಯಿತು. ಬೆಳಿಗ್ಗೆ ಸೊಂಟಕ್ಕೆ ರೊಟ್ಟಿಯ ಚೂರು ಕಟ್ಟಿಕೊಂಡು ಹತ್ತಿದರು. ಶಿಖರಕ್ಕೆ ಸ್ವಲ್ಪವೇ ದೂರವಿದ್ದಾಗ ಕಡಿದಾದ ಬಂಡೆಯೊಂದರ ನಡುವೆ ಕೈಗಳನ್ನು ಚಾಚಿ ಅಂಟಿಕೊಂಡಂತೆ ನಿಂತುಬಿಟ್ಟರು. ಮೇಲೆ ಹೋಗಲು ಹಿಡಿ ಸಿಗದು, ಕೆಳಗೆ ಇಳಿಯಲಾಗದು. ಬೀಳುವುದು ಖಂಡಿತ ಎಂದುಕೊಂಡಾಗ ತಲೆಯೊಳಗೆ ಹೊಗೆ ತುಂಬಿದಂತಾಯಿತು. ಒಂದೆರಡು ಕ್ಷಣ ಮಾತ್ರ. ಆಮೇಲೆ ಇದ್ದಕ್ಕಿದ್ದಂತೆ ಮನಸ್ಸು ತಿಳಿಯಾಗಿ, ಬಂಡೆಯ ಪ್ರತಿ ಬಿರುಕೂ ಸ್ಪಷ್ಟವಾಗಿ ಕಂಡು, ಕೈಕಾಲುಗಳು ತಾವಾಗಿ ನಡೆದವು. ಅದು ಎಲ್ಲಿಂದ ಬಂದ ಬಲ ಎಂದು ಅವರು ಖಚಿತವಾಗಿ ಹೇಳಲಿಲ್ಲ, ಕಾವಲು ದೂತನ ಸಾಧ್ಯತೆಯನ್ನೂ ಬಿಡಲಿಲ್ಲ. 1873ರ ಅಕ್ಟೋಬರ್‌ನಲ್ಲಿ ವಿಟ್ನಿ ಪರ್ವತದ ಮೊದಲ ಪ್ರಯತ್ನ ಕೈಕೊಟ್ಟಾಗ, ರಾತ್ರಿಯಿಡೀ ಮೇಲೆಯೇ ಕುಣಿದು ಮೈ ಬೆಚ್ಚಗಿಟ್ಟುಕೊಂಡರು. ಕೆಳಗಿಳಿದು, ಮತ್ತೊಂದು ದಾರಿಯಿಂದ ಹತ್ತಿ, 21ರಂದು ತುದಿ ಮುಟ್ಟಿದರು.

ಇಲ್ಲಿ ನಮ್ಮ ಯುವಜನರಿಗೆ ಒಂದು ಮಾತು. ಮ್ಯೂರ್ ಬದುಕಿ ಉಳಿದರು ಎಂಬ ಕಾರಣಕ್ಕೆ ಹೇಳದೆ ಕೇಳದೆ ಒಬ್ಬರೇ ಹೋಗುವುದು ಸರಿಯೆಂದು ಭಾವಿಸಬೇಡಿ.

ಈ ಅಲೆದಾಟ ತಂದೆಗೆ ಹಿಡಿಸಲಿಲ್ಲ. ಹಿಮದ ಬೆಟ್ಟಗಳ ಬಗ್ಗೆ ಬರೆಯುವುದನ್ನು ಬಿಟ್ಟು ಅದನ್ನು ಸುಟ್ಟುಹಾಕಬೇಕು ಎಂಬ ಧಾಟಿಯಲ್ಲಿ ಅವರು 1874ರಲ್ಲಿ ಮಗನಿಗೆ ಪತ್ರ ಬರೆದರು. ಮಗ ಬರೆಯುವುದನ್ನು ಬಿಡಲಿಲ್ಲ. ಆದರೆ 1885ರಲ್ಲಿ ಕ್ಯಾನ್ಸಾಸ್ ಸಿಟಿಯಲ್ಲಿ ತಂದೆ ಕೊನೆಯುಸಿರೆಳೆದಾಗ, ಒಡಹುಟ್ಟಿದವರನ್ನು ಕರೆಸಿಕೊಂಡು ಹಾಸಿಗೆಯ ಬಳಿ ಇದ್ದವರು ಇದೇ ಮಗ. ಬಾವಿಗೆ ಇಳಿಸಿದ ತಂದೆಯನ್ನು ಆ ಮಗ ದೂರ ಮಾಡಲಿಲ್ಲ ಎಂಬುದು, ನನ್ನ ಮಟ್ಟಿಗೆ, ರಿಟ್ಟರ್ ಪರ್ವತ ಹತ್ತಿದ್ದಕ್ಕಿಂತ ದೊಡ್ಡದು.

1880ರಲ್ಲಿ ಲೂಯಿ ಸ್ಟ್ರೆಂಟ್ಸೆಲ್ ಅವರನ್ನು ಮದುವೆಯಾಗಿ ಮಾರ್ಟಿನೆಜ್‌ನಲ್ಲಿ ಹಣ್ಣಿನ ತೋಟ ನೋಡಿಕೊಂಡರು. ಇಬ್ಬರು ಹೆಣ್ಣುಮಕ್ಕಳು. ಅದೇ ವರ್ಷ ಅಲಾಸ್ಕಾದಲ್ಲಿ, ಮಿಷನರಿಯೊಬ್ಬರ ಪುಟ್ಟ ನಾಯಿ ಸ್ಟಿಕೀನ್ ಜೊತೆ ಹಿಮನದಿಯಲ್ಲಿ ಸಿಕ್ಕಿಕೊಂಡಾಗ, ಆಳವಾದ ಬಿರುಕಿನ ಮೇಲಿದ್ದ ಕಿರಿದಾದ ಮಂಜಿನ ಸೇತುವೆಯಲ್ಲಿ ಮೆಟ್ಟಿಲು ಕಡಿಯುತ್ತಾ ದಾಟಿದರು. ಈಚೆ ದಡದಲ್ಲಿ ಅಳುತ್ತಿದ್ದ ನಾಯಿ ಕೊನೆಗೆ ಧೈರ್ಯ ಮಾಡಿ ದಾಟಿ ಬಂದು ಸಂತೋಷದಿಂದ ಹುಚ್ಚೆದ್ದು ಓಡಾಡಿತು. ತೋಟದ ದುಡಿಮೆಯಲ್ಲಿ ಮ್ಯೂರ್ ಸೊರಗುತ್ತಿದ್ದುದನ್ನು ಮೊದಲು ಕಂಡವರು ಪತ್ನಿಯೇ. ತೋಟ ಹೋದರೂ ಹೋಗಲಿ, ಬೆಟ್ಟಕ್ಕೆ ಹೋಗಿ ಬರೆಯಿರಿ ಎಂದು 1888ರಲ್ಲಿ ಒತ್ತಾಯಿಸಿದರು.

1890ರಲ್ಲಿ ಯೊಸೆಮಿಟಿ ರಾಷ್ಟ್ರೀಯ ಉದ್ಯಾನವಾಯಿತು, ಅದರ ಹಿಂದೆ ಮ್ಯೂರ್ ಅವರ ಲೇಖನಗಳಿದ್ದವು. 1892ರಲ್ಲಿ ಸಿಯೆರಾ ಕ್ಲಬ್ ಆರಂಭವಾದಾಗ ಅಧ್ಯಕ್ಷರಾದರು, ಸಾಯುವವರೆಗೂ ಇದ್ದರು. 1903ರ ಮೇ ತಿಂಗಳಲ್ಲಿ ಅಮೆರಿಕದ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಅವರೊಂದಿಗೆ ಮೂರು ರಾತ್ರಿ ಬಯಲಲ್ಲಿ ಮಲಗಿದರು. ಒಂದು ಬೆಳಿಗ್ಗೆ ಇಬ್ಬರೂ ಹಿಮದಡಿಯಿಂದ ಎದ್ದರು, ಅಧ್ಯಕ್ಷರಿಗೆ ಅದೇ ಖುಷಿ. ಅದೇ ವರ್ಷ ಹೊರಟ ಪ್ರವಾಸದಲ್ಲಿ ಮ್ಯೂರ್ ಭಾರತಕ್ಕೂ ಬಂದು, ಡಾರ್ಜಿಲಿಂಗ್ ಮತ್ತು ಸಿಮ್ಲಾಗಳಿಂದ ಹಿಮಾಲಯವನ್ನು ನೋಡಿದರು.

ಅವರ ಇನ್ನೊಂದು ಮುಖವನ್ನೂ ಹೇಳಬೇಕು. ಯೊಸೆಮಿಟಿ ಖಾಲಿ ನೆಲವಾಗಿರಲಿಲ್ಲ, 1851ರಲ್ಲಿ ಸಶಸ್ತ್ರ ಪಡೆ ಅಲ್ಲಿನ ಮೂಲನಿವಾಸಿಗಳನ್ನು ಹೊರಗಟ್ಟಿತ್ತು. ಆ ಜನರ ಬಗ್ಗೆ ಯುವಕ ಮ್ಯೂರ್ ಬರೆದ ಕೆಲವು ಸಾಲುಗಳು ತಿರಸ್ಕಾರದವು. ಅಲಾಸ್ಕಾದ ಟ್ಲಿಂಗಿಟ್ ಜನರೊಂದಿಗೆ ಇದ್ದ ಮೇಲೆ ಅವರ ಧಾಟಿ ಬದಲಾಯಿತು. ಆದರೂ 2020ರಲ್ಲಿ ಸಿಯೆರಾ ಕ್ಲಬ್ ತನ್ನ ಸ್ಥಾಪಕರ ಈ ಮಾತುಗಳನ್ನು ಬಹಿರಂಗವಾಗಿ ಒಪ್ಪಿಕೊಂಡಿತು. ಕಾಡನ್ನು ಪ್ರೀತಿಸಿ ಕಾಡಿನ ಜನರನ್ನು ಕಾಣದಿರುವುದು ಮ್ಯೂರ್ ಒಬ್ಬರ ದೋಷವಲ್ಲ.

ಕೊನೆಯ ಹೋರಾಟದಲ್ಲಿ ಅವರು ಸೋತರು. 1906ರ ಭೂಕಂಪ ಮತ್ತು ಬೆಂಕಿಯ ಬಳಿಕ ಸ್ಯಾನ್ ಫ್ರಾನ್ಸಿಸ್ಕೋ ನಗರ, ಉದ್ಯಾನದೊಳಗಿನ ಹೆಚ್ ಹೆಚಿ ಕಣಿವೆಗೆ ಅಣೆಕಟ್ಟು ಕಟ್ಟಿ ನೀರು ಪಡೆಯಲು ಹಟ ಹಿಡಿಯಿತು. ವರ್ಷಗಟ್ಟಲೆ ಬರೆದು, ವಾದಿಸಿ, ಮ್ಯೂರ್ ದಣಿದರು. ನಗರಕ್ಕೆ ನೀರು ಬೇಕಾಗಿದ್ದುದು ಸುಳ್ಳಲ್ಲ. ಬೇರೆಡೆಯಿಂದ ತರಬಹುದು ಎಂದು ಅವರು ಹೇಳುತ್ತಿದ್ದರು. 1913ರ ಡಿಸೆಂಬರ್ 19ರಂದು ಅಧ್ಯಕ್ಷ ವುಡ್ರೋ ವಿಲ್ಸನ್ ಮಸೂದೆಗೆ ಸಹಿ ಹಾಕಿದರು. ಅಣೆಕಟ್ಟು 1923ರಲ್ಲಿ ಮುಗಿಯಿತು, ಕಣಿವೆ ಇಂದಿಗೂ ನೀರಿನಡಿಯಲ್ಲಿದೆ.

ಅದನ್ನು ನೋಡಲು ಮ್ಯೂರ್ ಇರಲಿಲ್ಲ. 1914ರ ಡಿಸೆಂಬರ್‌ನಲ್ಲಿ ಮಗಳು ಹೆಲೆನ್ ಮನೆಗೆ ಹೋದಾಗ ನ್ಯುಮೋನಿಯಾ ಆಯಿತು. ಲಾಸ್ ಏಂಜಲೀಸ್‌ನ ಆಸ್ಪತ್ರೆಗೆ ಸೇರಿಸಿದರು. ಕ್ರಿಸ್‌ಮಸ್‌ನ ಮುನ್ನಾದಿನ, 24ರಂದು, ಅವರು ತೀರಿಕೊಂಡಾಗ ಅಲಾಸ್ಕಾದ ಪ್ರವಾಸ ಕುರಿತು ಬರೆಯುತ್ತಿದ್ದ ಪುಸ್ತಕದ ಹಾಳೆಗಳು ಜೊತೆಯಲ್ಲೇ ಇದ್ದವು. ಮರುವರ್ಷ ಆ ಪುಸ್ತಕ ಪ್ರಕಟವಾಯಿತು.