ಡಾ. ವಿ. ಸುಬ್ರಹ್ಮಣ್ಯನ್ (1902–1979): ಆಹಾರ ಸಂರಕ್ಷಣೆಗೆ ಮೀಸಲಾದ ಬದುಕು

ಗೋರ್ಟಾ (ಬಿ) ಸೇರಿದಂತೆ ಬಸವಕಲ್ಯಾಣ ಹಾಗೂ ಹುಮನಾಬಾದ್ ಭಾಗದಿಂದ ಶೀತಲಗೃಹ ಮತ್ತು ಹಣ್ಣು ಸಂಸ್ಕರಣಾ ಘಟಕಗಳಿಗೆ ಸಹಾಯಧನ ಕೋರಿ ಅರ್ಜಿ ಸಲ್ಲಿಸುವವರ ಮಾಹಿತಿಗಾಗಿ, ಈ ವಿದ್ಯೆಗೆ ನಮ್ಮ ರಾಜ್ಯದಲ್ಲಿ ಭದ್ರ ನೆಲೆಯೊದಗಿಸಿದ ಮಹನೀಯರೊಬ್ಬರ ಪರಿಚಯವನ್ನು ಇಲ್ಲಿ ನೀಡಲಾಗಿದೆ.

ಸುಬ್ರಹ್ಮಣ್ಯನ್‌ರವರು ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ನೀರು ನಿಂತ ಮಣ್ಣಿನ ಜೀವರಸಾಯನ ಕುರಿತು ಸಂಶೋಧನೆ ನಡೆಸಿದ್ದು, ತರುವಾಯ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿ ಸೇವೆ ಸಲ್ಲಿಸಿದರು. 1943ರ ಬಂಗಾಳದ ಕ್ಷಾಮದ ನೆನಪು ಮಾಸುವ ಮೊದಲೇ, ದೇಶವು ಆಹಾರದ ಕೊರತೆ ಎದುರಿಸುತ್ತಿದ್ದ ಕಾಲದಲ್ಲಿ, 1950ರ ಅಕ್ಟೋಬರ್ 21ರಂದು ಮೈಸೂರಿನ ಚೆಲುವಾಂಬ ಅರಮನೆಯಲ್ಲಿ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯು ಆರಂಭಗೊಂಡಿತು. ಅದರ ಪ್ರಥಮ ನಿರ್ದೇಶಕರು ಇವರೇ. 1963ರವರೆಗೆ ಆ ಹುದ್ದೆಯಲ್ಲಿದ್ದರು.

ಅವರ ಅವಧಿಯಲ್ಲಿ ಹಣ್ಣುಗಳ ಶೀತಲ ಸಂಗ್ರಹಣೆಯ ಅಧ್ಯಯನಗಳು ನಡೆದವು. ಇಲ್ಲಿ ಅರ್ಜಿದಾರರು ಒಂದು ವ್ಯತ್ಯಾಸವನ್ನು ಗಮನಿಸತಕ್ಕದ್ದು. ತಂಪಾಗಿರಿಸುವುದು ಬೇರೆ, ಘನೀಕರಿಸುವುದು ಬೇರೆ. ಇಡೀ ಮಾವಿನಕಾಯಿಯನ್ನು ಸುಮಾರು 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬಹುದಿನ ಇರಿಸಿದಲ್ಲಿ ಸಿಪ್ಪೆ ಕಪ್ಪಾಗಿ, ಸರಿಯಾಗಿ ಹಣ್ಣಾಗುವುದಿಲ್ಲ. ಹೋಳು ಅಥವಾ ತಿರುಳನ್ನಾದರೆ ಮೈನಸ್ 18 ಡಿಗ್ರಿಯಲ್ಲಿ ತಿಂಗಳುಗಟ್ಟಲೆ ಕಾಪಾಡಬಹುದು. ಆದರೆ ಘನೀಕರಣವು ನಿಧಾನವಾದಲ್ಲಿ ಮಂಜಿನ ಹರಳುಗಳು ದೊಡ್ಡದಾಗಿ ಬೆಳೆದು ಜೀವಕೋಶಗಳನ್ನು ಸೀಳುತ್ತವೆ. ಕರಗಿಸಿದಾಗ ರಸವು ಸೋರಿ ಹಣ್ಣು ಮೆತ್ತಗಾಗುತ್ತದೆ. ಶೀತಶುಷ್ಕೀಕರಣದಲ್ಲಿ, ಘನೀಕರಿಸಿದ ಹೋಳುಗಳನ್ನು ನಿರ್ವಾತದಲ್ಲಿರಿಸಿ, ಮಂಜು ನೀರಾಗದೆ ನೇರವಾಗಿ ಆವಿಯಾಗುವಂತೆ ಮಾಡಲಾಗುತ್ತದೆ. ತೇವ ತಗಲದ ಪೊಟ್ಟಣವಿದ್ದರೆ ಮುಂದೆ ಶೀತಲಗೃಹವೇ ಬೇಡ. ಯಂತ್ರದ ಬೆಲೆ ಮತ್ತು ವಿದ್ಯುತ್ ವೆಚ್ಚವೇ ಇದರ ತೊಡಕು. ಯೋಜನಾ ವರದಿಯಲ್ಲಿ ಈ ಎರಡು ಬಾಬುಗಳನ್ನು ಕಡಿಮೆ ತೋರಿಸಿದರೆ ಸಾಲದ ಕಂತು ಕಟ್ಟುವಾಗ ತಿಳಿಯುತ್ತದೆ.

ಸೈನಿಕರ ಆಹಾರಕ್ಕಾಗಿ 1961ರಲ್ಲಿ ಮೈಸೂರಿನಲ್ಲಿಯೇ ಸ್ಥಾಪನೆಯಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯವು ಶೀತಶುಷ್ಕೀಕರಣದ ಕಾರ್ಯವನ್ನು ಕೈಗೊಂಡಿತು. ಹೊರೆ ಹಗುರವಾಗಬೇಕಾದ ಎತ್ತರದ ಗಡಿಗಳಲ್ಲಿ ಈ ವೆಚ್ಚಕ್ಕೆ ಅರ್ಥವಿದೆ.

ಸುಬ್ರಹ್ಮಣ್ಯನ್‌ರವರ ಹೆಸರು ಹೆಚ್ಚಾಗಿ ಸೇರಿಕೊಂಡಿರುವುದು ಕಡಿಮೆ ವೆಚ್ಚದ ವಿಧಾನಗಳೊಡನೆ. ಶೇಕಡಾ 75 ಕಡಲೆಕಾಯಿ ಹಿಂಡಿಯ ಹಿಟ್ಟು ಹಾಗೂ ಶೇಕಡಾ 25 ಕಡಲೆಹಿಟ್ಟಿಗೆ ಜೀವಸತ್ವಗಳನ್ನು ಸೇರಿಸಿ ಸಿದ್ಧಪಡಿಸಿದ ವಿವಿಧೋದ್ದೇಶ ಆಹಾರ, ಎಮ್ಮೆಯ ಹಾಲಿನಿಂದ ತಯಾರಿಸಿದ ಶಿಶು ಆಹಾರ ಇವು ಅವರ ಕಾಲದ ಸಾಧನೆಗಳು. 1960ರಲ್ಲಿ ಪದ್ಮಶ್ರೀ ಪ್ರಶಸ್ತಿ ಲಭಿಸಿತು.

ನಿವೃತ್ತಿಯ ನಂತರವೂ ಅವರು ವಿರಮಿಸಲಿಲ್ಲ. ಕಾವೇರಿ ಮುಖಜಭೂಮಿಯಲ್ಲಿ ಮಳೆಗೆ ಸಿಕ್ಕಿ ಒದ್ದೆಯಾದ ಭತ್ತವು ಮೊಳೆತು ಹಾಳಾಗುತ್ತಿದ್ದುದನ್ನು ತಡೆಯಲು, 1967ರಲ್ಲಿ ತಿರುವಾರೂರಿನ ಅಕ್ಕಿ ಗಿರಣಿಯಲ್ಲಿ ಅಡುಗೆ ಉಪ್ಪನ್ನೇ ಬಳಸುವ ವಿಧಾನವನ್ನು ರೂಪಿಸಿದರು. ಅಲ್ಲಿ ಬೆಳೆದ ಸಂಶೋಧನಾ ಕೇಂದ್ರವು ಇಂದು ತಂಜಾವೂರಿನಲ್ಲಿ ರಾಷ್ಟ್ರೀಯ ಮಟ್ಟದ ಆಹಾರ ತಂತ್ರಜ್ಞಾನ ಸಂಸ್ಥೆಯಾಗಿರುತ್ತದೆ. ಅವರು 1979ರಲ್ಲಿ ನಿಧನರಾದರು.