ಶಾಲೆಯ ಬಾಗಿಲು ಮುಚ್ಚಗೊಡದ ವೈದ್ಯೆ

ಡಾ. ಸಾರಾ ಜೋಸೆಫೀನ್ ಬೇಕರ್ ಅವರು 1873ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಜನಿಸಿದರು. 16ನೆಯ ವಯಸ್ಸಿನಲ್ಲಿ ತಂದೆಯನ್ನು ವಿಷಮಶೀತಜ್ವರಕ್ಕೆ ಕಳೆದುಕೊಂಡರು. 1898ರಲ್ಲಿ ವೈದ್ಯ ಪದವಿ ಪಡೆದರು. 1908ರಲ್ಲಿ ನ್ಯೂಯಾರ್ಕ್ ನಗರದ ಶಿಶು ಆರೋಗ್ಯ ವಿಭಾಗದ ಮುಖ್ಯಸ್ಥೆಯಾಗಿ, ಬಡವರ ಕೂಸುಗಳ ಪ್ರಾಣರಕ್ಷಣೆಯನ್ನೇ ತಮ್ಮ ಕಾಯಕವಾಗಿಸಿಕೊಂಡರು.

1918ರಲ್ಲಿ ಇನ್‌ಫ್ಲುಯೆಂಜಾ ಮಹಾಮಾರಿ ಎರಗಿದಾಗ ಅಮೆರಿಕದ ಬಹುತೇಕ ನಗರಗಳು ಶಾಲೆಗಳನ್ನು ಮುಚ್ಚಿದವು. ಬೇಕರ್ ಅವರ ಅಭಿಮತ ಬೇರೆಯಾಗಿತ್ತು. ನಗರದ ಸುಮಾರು 10 ಲಕ್ಷ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಗಾಳಿ ಬೆಳಕು ಸಾಲದ ಇಕ್ಕಟ್ಟಿನ ವಠಾರಗಳಲ್ಲಿದ್ದರು. ಶಾಲೆ ಮುಚ್ಚಿದರೆ ಅವರು ಬೀದಿಗಳಲ್ಲಿ ಗುಂಪುಗೂಡುವರು; ಜ್ವರ ಬಂದರೆ ಗುರುತಿಸುವವರೂ ಇರರು ಎಂಬುದು ಅವರ ವಿಚಾರ. ಆರೋಗ್ಯ ಆಯುಕ್ತ ಡಾ. ರಾಯಲ್ ಕೋಪ್‌ಲ್ಯಾಂಡ್ ಶಾಲೆಗಳನ್ನು ತೆರೆದೇ ಇರಿಸಿದರು; ಕಟುಟೀಕೆಗೂ ಮಣಿಯಲಿಲ್ಲ.

ಮಕ್ಕಳು ಹೊರಗೆ ಗುಂಪು ಸೇರದೆ ನೇರವಾಗಿ ತರಗತಿಗೆ ಬರಬೇಕಿತ್ತು. ಪ್ರತಿದಿನವೂ ತಪಾಸಣೆ ನಡೆಯುತ್ತಿತ್ತು. ರೋಗಲಕ್ಷಣವುಳ್ಳವರನ್ನು ಬೇರ್ಪಡಿಸಿ ಮನೆಗೆ ಕರೆದೊಯ್ಯಲಾಗುತ್ತಿತ್ತು. ಮನೆಯಲ್ಲಿ ಆರೈಕೆ ಸಾಧ್ಯವಿಲ್ಲದಿದ್ದರೆ ಆಸ್ಪತ್ರೆಗೆ ಸೇರಿಸಲಾಗುತ್ತಿತ್ತು.

ಆ ಮಹಾಮಾರಿಯಲ್ಲಿ ನಗರವು 20,000ಕ್ಕೂ ಹೆಚ್ಚು ಜೀವಗಳನ್ನು ಕಳೆದುಕೊಂಡಿತು. ಆದರೂ ಶಾಲೆಗಳ ಬಾಗಿಲು ಮುಚ್ಚಲಿಲ್ಲ. ಕೇವಲ ಧೈರ್ಯದಿಂದ ಇದು ಸಾಧ್ಯವಾದುದಲ್ಲ. ಶಾಲಾ ವೈದ್ಯರು ಮತ್ತು ದಾದಿಯರ ವ್ಯವಸ್ಥೆಯನ್ನು ಬೇಕರ್ ಅವರು ಒಂದು ದಶಕದಿಂದ ಬಲಪಡಿಸುತ್ತ ಬಂದಿದ್ದರು. ಆಪತ್ತು ಬಂದ ದಿನ ನಗರದ ಕೈಹಿಡಿದುದು ಆ ಪೂರ್ವಸಿದ್ಧತೆಯೇ. ಆ ಮಹಾತಾಯಿ 1945ರಲ್ಲಿ ನಿಧನರಾದರು.