ಗಗನವೀರ ಇಂದ್ರಲಾಲ್ ರಾಯ್

ಯುದ್ಧವಿಮಾನದ ಚಾಲಕರಾಗಬೇಕೆಂದು ಹಂಬಲಿಸುವ ತರುಣರು ನಮ್ಮ ನಾಡಿನಲ್ಲಿ ಇಂದು ಬಹುಮಂದಿ ಇದ್ದಾರೆ. ಅವರಲ್ಲಿ ಲಿಖಿತ ಪರೀಕ್ಷೆಯನ್ನೂ ಸಂದರ್ಶನವನ್ನೂ ದಾಟಿದವರು ಕೂಡ ವೈದ್ಯಪರೀಕ್ಷೆಯ ಹೊಸ್ತಿಲಿನಿಂದ ಹಿಂದಿರುಗುವುದುಂಟು. ಹೀಗೆ ಎರಡು ಬಾರಿ ವೈದ್ಯರಿಂದ ಅನರ್ಹನೆನಿಸಿಕೊಂಡು, ಎರಡು ಬಾರಿಯೂ ಆ ನಿರ್ಣಯವನ್ನು ಋಜುಮಾರ್ಗದಿಂದಲೇ ಗೆದ್ದು, ಕೊನೆಗೆ ಆಗಸದಲ್ಲಿಯೇ ಪ್ರಾಣತೆತ್ತ ತರುಣನೊಬ್ಬನ ಚರಿತ್ರೆಯನ್ನು ವಾಚಕರ ಮುಂದಿರಿಸುವುದು ಈ ಕಿರುಲೇಖನದ ಉದ್ದೇಶ. ಆತನೇ ಇಂದ್ರಲಾಲ್ ರಾಯ್.

ಇಂದ್ರಲಾಲನು 1898ರ ಡಿಸೆಂಬರ್ 2ರಂದು ಕಲ್ಕತ್ತೆಯಲ್ಲಿ ಜನಿಸಿದನು. ತಂದೆ ಪಿಯಾರಿಲಾಲ್ ರಾಯ್ ನ್ಯಾಯವಾದಿಗಳು. ತಾಯಿ ಲಲಿತಾ ರಾಯ್ ವಿದ್ಯಾವತಿ, ಧೀಮಂತೆ. ಮಕ್ಕಳ ವಿದ್ಯಾಭ್ಯಾಸದ ಸಲುವಾಗಿ ಆ ತಾಯಿ ಲಂಡನ್ನಿನಲ್ಲಿ ನೆಲೆಸಿದರು. ಸ್ತ್ರೀಯರಿಗೆ ಮತದಾನದ ಹಕ್ಕು ದೊರೆಯಬೇಕೆಂದು 1911ರಲ್ಲಿ ಅಲ್ಲಿ ನಡೆದ ಮಹಾಮೆರವಣಿಗೆಯಲ್ಲಿ ಭಾರತೀಯ ನಾರಿಯರೊಡನೆ ಹೆಜ್ಜೆಯಿಟ್ಟವರಲ್ಲಿ ಅವರೂ ಒಬ್ಬರು. ಅಣ್ಣ ಪರೇಶಲಾಲ್ ಮುಂದೆ ಭಾರತದಲ್ಲಿ ಮುಷ್ಟಿಯುದ್ಧ ಕ್ರೀಡೆಯನ್ನು ಬೆಳೆಸಿ ಖ್ಯಾತಿವೆತ್ತನು. ಮನೆಯವರೆಲ್ಲರೂ ಲ್ಯಾಡಿ ಎಂದು ಮುದ್ದಿನಿಂದ ಕರೆಯುತ್ತಿದ್ದ ಇಂದ್ರಲಾಲನು ಸೇಂಟ್ ಪಾಲ್ ಶಾಲೆಯಲ್ಲಿ ವ್ಯಾಸಂಗ ಮಾಡಿದನು.

1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದಾಗ ಆತನಿಗಿನ್ನೂ 15 ವರ್ಷ. ಮನುಷ್ಯನು ವಿಮಾನವನ್ನು ನಿರ್ಮಿಸಿ ಹಾರಿದ್ದು 1903ರಲ್ಲಷ್ಟೆ. ಆ ವಿದ್ಯೆಗೆ ಆಗ ಶೈಶವ. ಬಾಲಕನ ಮನಸ್ಸು ಅದರಲ್ಲಿಯೇ ನೆಟ್ಟಿತು. ಭಾರತೀಯರಿಗೆ ಸೈನ್ಯದಲ್ಲಿ ಅಧಿಕಾರಿಪದವಿ ಅತ್ಯಂತ ದುರ್ಲಭವಾಗಿದ್ದ ಆ ಕಾಲದಲ್ಲಿ, ಶಾಲೆಯನ್ನು ಮುಗಿಸುತ್ತಲೇ ಆತನು ರಾಯಲ್ ಫ್ಲೈಯಿಂಗ್ ಕೋರ್ ಎಂಬ ಬ್ರಿಟಿಷ್ ವಾಯುದಳಕ್ಕೆ ಅರ್ಜಿ ಸಲ್ಲಿಸಿದನು. ಅಲ್ಲಿನ ವೈದ್ಯರು ದೃಷ್ಟಿದೋಷವಿದೆಯೆಂದು ಹೇಳಿ ಅರ್ಜಿಯನ್ನು ತಿರಸ್ಕರಿಸಿದರು.

ಈ ತಿರಸ್ಕಾರವು ಅಕಾರಣವಾದುದೆಂದು ಭಾವಿಸಲಾಗದು. ನೆಲಕ್ಕಿಳಿಯುವಾಗ ಎತ್ತರವನ್ನು ಅಂದಾಜು ಮಾಡುವುದು, ಸೂರ್ಯನ ಮರೆಯಿಂದ ಎರಗುವ ಶತ್ರುವನ್ನು ಗುರುತಿಸುವುದು, ಬಣ್ಣದ ಸಂಕೇತಗಳನ್ನು ತಿಳಿಯುವುದು, ಇವೆಲ್ಲಕ್ಕೂ ವೈಮಾನಿಕನಿಗೆ ಕಣ್ಣೇ ಆಧಾರ. ಅದರಲ್ಲಿ ಲೋಪವಿದ್ದರೆ ಅಪಾಯವು ಆತನೊಬ್ಬನಿಗೇ ಅಲ್ಲ, ಜೊತೆಗಾರರಿಗೂ ಉಂಟು. ಇಂದ್ರಲಾಲನು ವೈದ್ಯರನ್ನು ನಿಂದಿಸಲಿಲ್ಲ, ವಶೀಲಿಯನ್ನು ಹುಡುಕಲಿಲ್ಲ. ತನ್ನ ಮೋಟಾರ್ ಸೈಕಲನ್ನು ಮಾರಿ, ಬಂದ ಹಣದಿಂದ ಪ್ರಸಿದ್ಧ ನೇತ್ರತಜ್ಞರೊಬ್ಬರಲ್ಲಿ ಕಣ್ಣುಗಳನ್ನು ಮತ್ತೊಮ್ಮೆ ಪರೀಕ್ಷೆ ಮಾಡಿಸಿಕೊಂಡನೆಂದು ಆತನ ಚರಿತ್ರಕಾರರು ಬರೆಯುತ್ತಾರೆ. ಆ ತಜ್ಞರ ಅಭಿಪ್ರಾಯದಿಂದ ಹಿಂದಿನ ನಿರ್ಣಯವು ರದ್ದಾಯಿತು. 1917ರ ಏಪ್ರಿಲ್ ತಿಂಗಳಲ್ಲಿ ವಾಯುದಳವನ್ನು ಸೇರಿದ ಆತನು ಜುಲೈ 5ರಂದು ಸೆಕೆಂಡ್ ಲೆಫ್ಟಿನೆಂಟ್ ಆದನು. ಹರ್ದಿತ್ ಸಿಂಗ್ ಮಲಿಕ್ ಮೊದಲಾಗಿ ಆ ದಳದಲ್ಲಿ ವೈಮಾನಿಕರಾದ ಭಾರತೀಯರು ಬೆರಳೆಣಿಕೆಯಷ್ಟು ಮಂದಿ ಮಾತ್ರ.

ತರಬೇತಿ ಮುಗಿದ ಮೇಲೆ, ಅಕ್ಟೋಬರ್ ಅಂತ್ಯದಲ್ಲಿ, ಫ್ರಾನ್ಸಿನ ರಣಭೂಮಿಯಲ್ಲಿದ್ದ 56ನೆಯ ಸ್ಕ್ವಾಡ್ರನ್ನಿಗೆ ಆತನ ನೇಮಕವಾಯಿತು. ಡಿಸೆಂಬರ್ 6ರಂದು ಆತನ ಎಸ್.ಇ.5ಎ ವಿಮಾನವು ನೆಲಕ್ಕಪ್ಪಳಿಸಿತು. ಪ್ರಜ್ಞೆಯಿಲ್ಲದ ಆತನನ್ನು ಮೃತನೆಂದೇ ಬಗೆದು ಶವಾಗಾರದಲ್ಲಿ ಮಲಗಿಸಿದ್ದರೆಂದೂ, ಎಚ್ಚರಗೊಂಡ ಆತನು ಬಾಗಿಲನ್ನು ಬಡಿದಾಗ ಕಾವಲಿನವನು ಭೀತನಾದನೆಂದೂ ಒಂದು ವೃತ್ತಾಂತವು ಪ್ರಚಲಿತವಾಗಿದೆ. ಗಾಯಗಳು ಮಾಯುತ್ತಿದ್ದ ದಿನಗಳಲ್ಲಿ ಆತನು ವಿಮಾನಗಳ ರೇಖಾಚಿತ್ರಗಳನ್ನು ಬರೆಯುತ್ತಿದ್ದನು. ಅವುಗಳಲ್ಲಿ ಹಲವು ಇಂದಿಗೂ ಉಳಿದಿವೆ. ವೈದ್ಯರು ಮತ್ತೊಮ್ಮೆ ಹಾರಾಟಕ್ಕೆ ಅನರ್ಹನೆಂದು ನಿರ್ಣಯಿಸಿದರು. ನೆಲದ ಮೇಲಣ ಕೆಲಸವನ್ನು ನಿರ್ವಹಿಸುತ್ತಲೇ ಆತನು ಮರುಪರೀಕ್ಷೆಗಾಗಿ ಪಟ್ಟುಹಿಡಿದು, ಕೊನೆಗೆ ಅರ್ಹನೆನಿಸಿಕೊಂಡನು.

1918ರ ಜೂನ್ 19ರಂದು 40ನೆಯ ಸ್ಕ್ವಾಡ್ರನ್ನನ್ನು ಸೇರಿ, ಕ್ಯಾಪ್ಟನ್ ಜಾರ್ಜ್ ಮೆಕೆಲ್ರಾಯ್ ಎಂಬ ನುರಿತ ವೈಮಾನಿಕನ ಕೈಕೆಳಗೆ ಇಂದ್ರಲಾಲನು ಮತ್ತೆ ಗಗನವನ್ನೇರಿದನು. ಜುಲೈ 6ರಂದು ಮೊದಲ ಶತ್ರುವಿಮಾನವು ಆತನಿಗೆ ಸೋತಿತು. 8ರಂದು ಒಂದೇ ದಿನ ಮೂರು. ಜುಲೈ 19ರ ವೇಳೆಗೆ, ಎಂದರೆ 14 ದಿನಗಳೊಳಗಾಗಿ, ಕೆಲವು ಸಂಗಡಿಗರೊಡನೆ ಹಂಚಿಕೊಂಡವೂ ಸೇರಿ ಆತನ ಗೆಲುವುಗಳ ಸಂಖ್ಯೆ 10ಕ್ಕೇರಿತು. ಐದು ಗೆಲುವುಗಳನ್ನು ಪಡೆದವನನ್ನು ಏಸ್ ಎಂದು ಗೌರವಿಸುವುದು ವಾಯುಯುದ್ಧದ ಸಂಪ್ರದಾಯ. ಆ ಮಹಾಯುದ್ಧದಲ್ಲಿ ಈ ಗೌರವಕ್ಕೆ ಪಾತ್ರನಾದ ಭಾರತೀಯನು ಇಂದ್ರಲಾಲನೊಬ್ಬನೇ.

ಜುಲೈ 22ರಂದು ಕಾರ್ವಾಂ ಪಟ್ಟಣದ ಮೇಲೆ ಜರ್ಮನಿಯ ಫೋಕರ್ ವಿಮಾನಗಳೊಡನೆ ಕಾದಾಡುತ್ತ ಆತನು ವೀರಮರಣವನ್ನು ಹೊಂದಿದನು. ಬ್ರಿಟಿಷ್ ವೈಮಾನಿಕರಿಗೆ ಆಗ ಧುಮುಕುಕೊಡೆಯನ್ನು ಒದಗಿಸುತ್ತಿರಲಿಲ್ಲ. ಆತನ ವಯಸ್ಸು 19. ಸೆಪ್ಟೆಂಬರಿನಲ್ಲಿ ಮರಣೋತ್ತರವಾಗಿ ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್ ಪದಕವು ಘೋಷಿತವಾಯಿತು. ಪದಕವು ಬಂದಿತು, ಮಗನು ಬರಲಿಲ್ಲ. ಫ್ರಾನ್ಸಿನ ಎಸ್ತೆವೆಲ್ ಗ್ರಾಮದ ಸ್ಮಶಾನದಲ್ಲಿ ಬಂಗಾಳಿ ಅಕ್ಷರಗಳುಳ್ಳ ಆತನ ಸಮಾಧಿಯಿದೆ. 1998ರಲ್ಲಿ ಭಾರತೀಯ ಅಂಚೆ ಇಲಾಖೆಯು ಆತನ ಜನ್ಮಶತಾಬ್ದಿಯ ನೆನಪಿಗೆ ಅಂಚೆಚೀಟಿಯನ್ನು ಪ್ರಕಟಿಸಿತು.

ನಮ್ಮನ್ನಾಳುತ್ತಿದ್ದವರ ಯುದ್ಧದಲ್ಲಿ ಈ ತರುಣನು ಮಡಿದನಲ್ಲ ಎಂಬ ವ್ಯಥೆ ವಾಚಕರಿಗೆ ಉಂಟಾಗುವುದು ಸಹಜ. ಆ ವ್ಯಥೆಯನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಭಾರತೀಯನಿಗೆ ಗಗನಯುದ್ಧದ ಸಾಮರ್ಥ್ಯವಿದೆಯೇ ಎಂಬ ಸಂದೇಹಕ್ಕೆ ಆತನೂ ಆತನ ಸಂಗಡಿಗರೂ ಉತ್ತರವನ್ನಿತ್ತರು. ಭಾರತೀಯ ವಾಯುಪಡೆಯು 1932ರ ಅಕ್ಟೋಬರ್ 8ರಂದು ಸ್ಥಾಪಿತವಾಯಿತು. 1954ರಲ್ಲಿ ಸುಬ್ರತೋ ಮುಖರ್ಜಿಯವರು ಅದರ ಮೊದಲ ಭಾರತೀಯ ಮುಖ್ಯಸ್ಥರಾದರು. ವೈಮಾನಿಕರ ದೇಹಸ್ಥಿತಿಯನ್ನು ಪರಿಶೀಲಿಸುವ ವಾಯುಪಡೆಯ ವೈದ್ಯಸಂಸ್ಥೆಯು 1957ರಿಂದ ನಮ್ಮ ಬೆಂಗಳೂರಿನಲ್ಲಿಯೇ ಇದೆ.

ಇಂದಿನ ಅಭ್ಯರ್ಥಿಗೂ ಮೊದಲ ವೈದ್ಯನಿರ್ಣಯವೇ ಕೊನೆಯದಲ್ಲ, ಮೇಲ್ಮನವಿಗೆ ವೈದ್ಯಮಂಡಲಿಗಳುಂಟು. ಆದರೆ ವಿಮಾನಚಾಲನೆಯ ಯೋಗ್ಯತಾಪರೀಕ್ಷೆಯಲ್ಲಿ ಒಮ್ಮೆ ಸೋತವನಿಗೆ ಹಾರಾಟದ ವಿಭಾಗಕ್ಕೆ ಬಹುಕಾಲ ಮತ್ತೆ ಆ ಅವಕಾಶವಿರಲಿಲ್ಲ. ಆದುದರಿಂದ ಸಿದ್ಧತೆಯು ಪರೀಕ್ಷೆಯ ಹಿಂದಿನ ದಿನ ತೊಡಗತಕ್ಕುದಲ್ಲ. ಕಣ್ಣು, ಕಿವಿ, ಹಲ್ಲುಗಳ ತಪಾಸಣೆಯು ಶಾಲಾದಿನಗಳಲ್ಲಿಯೇ ನಡೆದರೆ, ಸರಿಪಡಿಸಬಹುದಾದ ದೋಷವು ಸಕಾಲದಲ್ಲಿ ತಿಳಿಯುತ್ತದೆ; ಸರಿಪಡಿಸಲಾಗದ ದೋಷವಿದ್ದ ಮಗುವಿಗೆ ಬೇರೊಂದು ದಾರಿಯನ್ನು ತೋರಿಸಲು ಕಾಲಾವಕಾಶವೂ ದೊರೆಯುತ್ತದೆ. ಇದು ಉಪಾಧ್ಯಾಯರೂ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಕೂಡಿ ಮಾಡಬಹುದಾದ ಕಾರ್ಯ. ಇಂದ್ರಲಾಲನು ವಾಹನವನ್ನು ಮಾರಿ ಪಡೆದ ಆ ಪರೀಕ್ಷೆಯು ನಮ್ಮ ಬಡಮಕ್ಕಳಿಗೆ ಹಣವಿಲ್ಲದೆಯೇ ದೊರೆಯುವಂತಾದರೆ ಆತನ ಸ್ಮರಣೆ ಸಾರ್ಥಕವಾದೀತು.